ಕೌದಿಯ ಹನ್ನೊಂದು ಸಾಲು: ಒಂದು ವ್ಯಾಖ್ಯಾನ

ಬೆಳಗಾವಿ ಜಿಲ್ಲೆಯ ಮುರಗೋಡದ ಸೀಮೆಯಲ್ಲಿ, ಹಳೆಯ ಅರಿವೆಗಳ ಪದರ ಕೂಡಿಸಿ ಹೊಲಿದ ಕೌದಿ ಕಾಣದ ಮನೆ ಅಪರೂಪ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲಿಗೇ ಹೋಗಿ, ಮಂಚದ ಮೇಲೆ ಫೋಮಿನ ಗಾದಿ ಬಂದಿದ್ದರೂ ಮಾಡಿನ ಮೂಲೆಯಲ್ಲೊಂದು ಹಳೆಯ ಕೌದಿ ಮಡಿಕೆಯಾಗಿ ಬಿದ್ದುಕೊಂಡಿರುತ್ತದೆ. ಹೊಲಿಯುವ ಕೈಗಳು ಮಾತ್ರ ಕಡಿಮೆಯಾಗುತ್ತಿವೆ. ಹೊಲಿಯಬಲ್ಲ ಹಿರಿಯರು ಕೆಲಸ ಮಾಡುತ್ತಲೇ ಬಾಯಿಮಾತಿನಲ್ಲಿ ಹೇಳಿಕೊಡುವ ಕ್ರಮವನ್ನು ಹನ್ನೊಂದು ಸಾಲಿಗೆ ಇಳಿಸಿದ್ದೇನೆ. ಇದು ಹಾಡಲ್ಲ, ಗಾದೆಯೂ ಅಲ್ಲ. ಸಾಲುಗಳನ್ನು ನಾನೇ ಕಟ್ಟಿದ್ದು, ನಮ್ಮ ಕಡೆಯ ಮಾತಿನಲ್ಲೇ ಇಟ್ಟಿದ್ದೇನೆ. ಒಂದೊಂದು ಸಾಲಿನ ಹಿಂದೆ ಎಷ್ಟು ತಿಳಿವಳಿಕೆ ಇದೆ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಕೆಲಸ.

ನೂಲಿನ ಅರಿವಿ ಬ್ಯಾರೆ ಇಡು, ನೈಲಾನ ಬ್ಯಾರೆ ಇಡು.

ಕೌದಿಯ ಕೆಲಸ ಶುರುವಾಗುವುದು ಗಂಟು ಬಿಚ್ಚುವುದರಿಂದ. ವರ್ಷಗಟ್ಟಲೆ ಕೂಡಿಟ್ಟ ಹಳೆಯ ಅರಿವೆಗಳನ್ನು ಪಡಸಾಲೆಯಲ್ಲಿ ಸುರುವಿ, ಒಂದೊಂದನ್ನೂ ಬೆರಳಲ್ಲಿ ಹಿಚುಕಿ ನೋಡುತ್ತಾರೆ. ಮುದುಡಿದ ಗುರುತು ಹಾಗೇ ಉಳಿದರೆ ಅದು ಹತ್ತಿ. ಪುಟಿದು ಮೊದಲಿನಂತಾದರೆ ಪಾಲಿಯೆಸ್ಟರು, ಟೆರಿಕಾಟು. ಹಳ್ಳಿಯ ಮಾತಿನಲ್ಲಿ ಇವೆಲ್ಲ ನೈಲಾನವೇ. ಸಂಶಯ ಉಳಿದರೆ ಅಂಚಿನಿಂದ ಎರಡು ಎಳೆ ಕಿತ್ತು ಸುಟ್ಟು ನೋಡಬೇಕು. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ತಣಿದ ಮೇಲೆ ಗಟ್ಟಿ ಮಣಿಯಾಗಿ ಕೂಡುತ್ತದೆ.

ಹೀಗೆ ಬೇರ್ಪಡಿಸದೆ ಹೊಲಿದ ಕೌದಿ ಕೆಡುತ್ತದೆ. ಹತ್ತಿ ತನ್ನ ತೂಕದ ನೂರಕ್ಕೆ ಸುಮಾರು 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿ ಇಟ್ಟುಕೊಳ್ಳಬಲ್ಲದು. ಪಾಲಿಯೆಸ್ಟರ್ ನೂರಕ್ಕೆ ಅರ್ಧದಷ್ಟನ್ನೂ ಹೀರುವುದಿಲ್ಲ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಕೌದಿ ಹಾಸಿ ಮಲಗುವವರಿಗೆ ಈ ಅಂಕಿ ಬೆನ್ನಿಗೇ ಗೊತ್ತಾಗುತ್ತದೆ. ಒಗೆದಾಗ ಹತ್ತಿ ಒಂದಿಷ್ಟು ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗದು. ಎರಡನ್ನೂ ಒಂದೇ ಸಾಲಿನಲ್ಲಿ ಹೊಲಿದರೆ ಮೊದಲ ಒಗೆತದಲ್ಲೇ ನೆರಿಗೆ ಬಿದ್ದು ಸಾಲುಗಳು ಸೊಟ್ಟಾಗುತ್ತವೆ. ಜಾರುವ ಬಟ್ಟೆ ಪದರದೊಳಗೆ ನಿಲ್ಲುವುದಿಲ್ಲ, ಹೊಲಿಯುವಾಗಲೇ ಸರಿದು ಒಂದು ಕಡೆ ಗುಂಪಾಗುತ್ತದೆ.

ನಮ್ಮದು ಕರಿ ಎರೆಮಣ್ಣಿನ ಹತ್ತಿಯ ಸೀಮೆ. ಬೈಲಹೊಂಗಲ ಹತ್ತಿಯ ಪೇಟೆ. ಇದೇ ಜಿಲ್ಲೆಯ ಗೋಕಾಕ ಫಾಲ್ಸಿನ ನೂಲಿನ ಗಿರಣಿ 1880ರ ದಶಕದಿಂದ ಇದೆ. ಹುದಲಿಯಲ್ಲಿ ಖಾದಿ ಬೆಳೆಯಿತು, ಗಾಂಧೀಜಿ 1937ರಲ್ಲಿ ಅಲ್ಲಿಗೆ ಬಂದಿದ್ದರು. ನೆರೆಯ ಧಾರವಾಡ ಜಿಲ್ಲೆಯ ಗರಗದಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ನೇಯುತ್ತಾರೆ. ಇಂಥ ನಾಡಿನಲ್ಲಿ ಇಂದು ಒಂದು ಮನೆಯ ಗಂಟು ಬಿಚ್ಚಿದರೆ ಅರ್ಧಕ್ಕಿಂತ ಹೆಚ್ಚು ಪಾಲು ಪಾಲಿಯೆಸ್ಟರ್ ಸೀರೆಯೇ ಹೊರಬೀಳುತ್ತದೆ. ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳ ಮೈಮೇಲೆಯೇ ಹತ್ತಿಯ ಸೀರೆ ಇಲ್ಲ. ಕೌದಿ ಕಡಿಮೆಯಾಗುತ್ತಿರುವುದಕ್ಕೆ ಹೊಸ ಹೆಣ್ಣುಮಕ್ಕಳಿಗೆ ಆಸಕ್ತಿ ಇಲ್ಲವೆಂಬ ದೂರು ಕೇಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಕೌದಿಗೆ ಮೊದಲು ಕಡಿಮೆಯಾದದ್ದು ಹಳೆಯ ನೂಲಿನ ಅರಿವೆ.

ಒಗದು ಒಣಗಿಸು, ಆಮ್ಯಾಲ ಕತ್ತರಿ ಹಿಡಿ.

ಬಿಸಿನೀರಿನಲ್ಲಿ ಒಗೆದರೆ ಬಟ್ಟೆ ಕುಗ್ಗುವಷ್ಟು ಮೊದಲೇ ಕುಗ್ಗುತ್ತದೆ, ಗಂಜಿಯೂ ಬಿಡುತ್ತದೆ. ಗುಂಡಿ, ಹುಕ್ಕು, ಜಿಪ್ಪು ಬಿಚ್ಚಿ ಡಬ್ಬಿಗೆ ಹಾಕಬೇಕು. ಕಾಲರ್, ಸೊಂಟಪಟ್ಟಿ, ದಪ್ಪ ಮಡಿಕೆಗಳನ್ನು ಕತ್ತರಿಸಿ ತೆಗೆಯಬೇಕು. ಇವು ಒಳಗೆ ಉಳಿದರೆ ಸೂಜಿ ಮುರಿಯುತ್ತದೆ, ಮಲಗಿದವರಿಗೆ ಗಂಟು ಒತ್ತುತ್ತದೆ.

ಅಡಿಗೆ ಇಲಕಲ್ಲ ಸೀರಿ, ನಡುವ ಹರಕ ಧೋತರ.

ಕೌದಿಗೆ ಮೂರು ಪದರ. ಅಡಿಯ ಪದರ ಎಲ್ಲಕ್ಕಿಂತ ಗಟ್ಟಿ ಇರಬೇಕು, ಒಂದೇ ತುಂಡಿನದಾದರೆ ಮೇಲು. ಇದಕ್ಕೆ ಇಲಕಲ್ಲ ಸೀರೆಯಷ್ಟು ಒಪ್ಪುವುದು ಬೇರೊಂದಿಲ್ಲ. ಅದರ ಮೈ ಹತ್ತಿಯ ನೂಲು, ಸೆರಗು ಕೆಂಪು ರೇಷ್ಮೆ. ಮೈಯ ಹಾಸುದಾರವನ್ನೂ ಸೆರಗಿನ ಹಾಸುದಾರವನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು ಆ ನೇಕಾರಿಕೆಯ ವಿಶೇಷ. ಈ ಕೂಡಿದ ಜಾಗದಲ್ಲಿ ಬಟ್ಟೆ ತುಸು ದಪ್ಪ ಬರುತ್ತದೆ. ಬಲ್ಲವರು ಸೆರಗನ್ನು ಇಲ್ಲಿಂದಲೇ ಬೇರೆ ಮಾಡಿ ಮೇಲಿನ ಪದರಕ್ಕೆ ಇಟ್ಟುಕೊಳ್ಳುತ್ತಾರೆ, ಮೈಯನ್ನಷ್ಟೇ ಅಡಿಗೆ ಹಾಸುತ್ತಾರೆ. ಇಲಕಲ್ಲ ಇಲ್ಲದಿದ್ದರೆ ರಾಮದುರ್ಗದ ಕಡೆಯ ಕೈಮಗ್ಗದ ನೂಲಿನ ಸೀರೆಯೂ ಆದೀತು.

ಅಜ್ಜಿಯರು ಉಡುತ್ತಿದ್ದದ್ದು ಹದಿನೆಂಟು ಮೊಳದ ಸೀರೆ, ಎಂದರೆ 9 ಗಜ. ಸೆರಗಿನ ಸಮೇತ ಲೆಕ್ಕ ಹಿಡಿದರೆ 324 ಇಂಚು ಉದ್ದ. ನಾಲ್ಕು ಸಮಪಾಲು ಮಾಡಿದರೆ ಒಂದೊಂದು ತುಂಡು 81 ಇಂಚು ಬರುತ್ತದೆ. ಅಗಲ 45 ಇಂಚೆಂದು ಹಿಡಿದು ಎರಡು ತುಂಡನ್ನು ಪಕ್ಕಪಕ್ಕ ಕೂಡಿಸಿದರೆ ಸುಮಾರು 90 ಇಂಚು ಅಗಲದ ಹಾಸು ತಯಾರು. ಉಳಿದ ಎರಡು ತುಂಡಿನಲ್ಲಿ ಅಷ್ಟೇ ಅಳತೆಯ ಇನ್ನೊಂದು ಪದರ ಆಗುತ್ತದೆ. ಗಂಡ ಹೆಂಡತಿ ಮಗು ಮೂವರೂ ಮಲಗುವ ಜೋಡಿ ಕೌದಿಯ ಎರಡು ಪದರಕ್ಕೆ ಒಬ್ಬ ಅಜ್ಜಿಯ ಒಂದೇ ಸೀರೆ ಸಾಕಾಗುತ್ತಿತ್ತು. ಈಗಿನ ಐದೂವರೆ ಮೀಟರಿನ ಸೀರೆಯಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ, ಎರಡು ಬೇಕು.

ನಡುವಿನ ಪದರಕ್ಕೆ ಹರಿದ ಧೋತರ, ರುಮಾಲು, ಲುಂಗಿ, ಹಾಸಿಗೆ ಹೊದಿಕೆ ಯಾವುದೂ ಆಗುತ್ತದೆ. ಹರಕಿದ್ದರೂ ನಡೆಯುತ್ತದೆ, ಗಂಟಿರಬಾರದು. ತುಂಡಿನ ಮೇಲೆ ತುಂಡು ಎರಡು ಬೆರಳು ಹತ್ತಿಸಿ ಹರಡಬೇಕು. ರುಮಾಲಿನ ಅರಿವೆ ತೆಳು, ಗಾಳಿ ಹಿಡಿಯುವಂಥದು. ಕೌದಿ ಬೆಚ್ಚಗಿರುವುದು ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಆದ್ದರಿಂದ ಒಂದು ದಪ್ಪ ಅರಿವೆ ಹಾಕುವುದಕ್ಕಿಂತ ಎರಡು ತೆಳು ಅರಿವೆ ಹಾಕಿದ್ದು ಹೆಚ್ಚು ಬೆಚ್ಚಗೆ, ಹೊಲಿಯಲಿಕ್ಕೂ ಹಗುರ.

ಮ್ಯಾಲಿನ ತುಂಡು ಕಣ್ಣಿಗೆ ಬಿಡು.

ಮೇಲಿನ ಪದರಕ್ಕೆ ಅಳತೆಪಟ್ಟಿ ಇಲ್ಲ. ಗುಳೇದಗುಡ್ಡದ ಖಣದ ಕುಬಸ, ಮಗಳ ಪರಕಾರ, ಚಿಕ್ಕಪ್ಪನ ಪಟ್ಟಾಪಟ್ಟಿ ಅಂಗಿ, ಸೀರೆಯ ಸೆರಗು ಎಲ್ಲಕ್ಕೂ ಇಲ್ಲಿ ಜಾಗ. ದೊಡ್ಡ ತುಂಡು ಮೊದಲು, ಅದರ ಮೇಲೆ ಸಣ್ಣ ಚೌಕ, ಚೌಕದ ಮೇಲೆ ಇನ್ನೂ ಸಣ್ಣದು. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ಹೊಲಿಯುವಾಕೆ ಎದ್ದು ನಿಂತು, ದೂರ ಸರಿದು ನೋಡಿ ತೀರ್ಮಾನಿಸುತ್ತಾಳೆ. ತಪ್ಪೆನಿಸಿದರೆ ತೆಗೆಯುತ್ತಾಳೆ. ಇದು ಚಿತ್ರಕಾರರು ಮಾಡುವ ಕೆಲಸವೇ, ಈಕೆಯನ್ನು ಯಾರೂ ಹಾಗೆಂದು ಕರೆದಿಲ್ಲ, ಅಷ್ಟೇ.

ಅಮೆರಿಕೆಯ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಸಣ್ಣ ಊರಿದೆ. ಗುಲಾಮರಾಗಿದ್ದವರ ವಂಶದ ಹೆಂಗಸರು ಅಲ್ಲಿ ಹೊಲದ ಕೆಲಸದ ಹಳೆಯ ಬಟ್ಟೆಗಳಿಂದ ಹೀಗೇ ಅಳತೆ ಮೀರಿದ ಹೊದಿಕೆ ಹೊಲಿಯುತ್ತಿದ್ದರು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮು ಅವುಗಳನ್ನು ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. 2006ರಲ್ಲಿ ಅಲ್ಲಿನ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿ ತಂದಿತು. ಬಯಲುಸೀಮೆಯ ನಮ್ಮ ಕೌದಿಗೆ ಅಂಥ ಗೋಡೆ ಇನ್ನೂ ಸಿಗಬೇಕಾಗಿದೆ.

ಉದ್ದನ್ನ ಸೂಜಿ, ಕೈಯಳತಿ ದಾರ.

ದಬ್ಬಣ ಚೀಲ ಹೊಲಿಯಲಿಕ್ಕೆ ಸರಿ, ಕೌದಿಗೆ ಬೇಡ. ಹಳೆಯ ಅರಿವೆಯಲ್ಲಿ ಅದು ಮಾಡುವ ತೂತು ಮುಚ್ಚಿಕೊಳ್ಳುವುದಿಲ್ಲ. ಬೇಕಾದ್ದು ಉದ್ದನೆಯ, ತೆಳ್ಳಗಿನ, ದಾರ ಹಿಡಿಯುವಷ್ಟು ಕಣ್ಣಿರುವ ಸೂಜಿ. ದಾರ ಹತ್ತಿಯದೇ ಇರಬೇಕು. ಸಿಂಥೆಟಿಕ್ ದಾರ ಹಳೆಯ ಬಟ್ಟೆಗಿಂತ ಗಟ್ಟಿ. ಎಳೆದಾಡಿದಾಗ ತಾನು ಹರಿಯದೆ ಬಟ್ಟೆಯನ್ನು ಕುಯ್ಯುತ್ತದೆ. ಹತ್ತಿಯ ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ಏನು ಮಾಡುವುದು? ದಾರ ತೋಳಿನ ಉದ್ದ ಮೀರಬಾರದು. ಮೀರಿದರೆ ಪ್ರತಿ ಸಲ ಎಳೆಯುವಾಗ ಬಟ್ಟೆಗೆ ಉಜ್ಜಿ ಜೊಂಡೆದ್ದು ಗಂಟು ಬೀಳುತ್ತದೆ. ಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಸಲೀಸಾಗಿ ಓಡುತ್ತದೆ.

ಸೂಜಿಯ ಕೆಲಸಕ್ಕೆ ಕನ್ನಡದಲ್ಲಿ ದೊಡ್ಡ ಗೌರವ ಸಿಕ್ಕ ಕಾಲವೊಂದಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಹೆಸರಿನ ಮುಂದೆಯೇ ಕಾಯಕ ನಿಂತಿದೆ. ದುರದುಂಡೇಶ್ವರ ಮಠವಿರುವ ಮುರಗೋಡದಂಥ ಊರಿನಲ್ಲಿ ಆ ಹೆಸರು ನೆನಪಿಗೆ ಬರುವುದು ಸಹಜ.

ಅಂಚಿನಿಂದ ಒಳಗ ಬಾ.

ಪಾಶ್ಚಾತ್ಯರ ಕ್ವಿಲ್ಟಿಂಗ್ ಪುಸ್ತಕ ತೆರೆದರೆ ನಡುವಿನಿಂದ ಹೊರಗೆ ಹೊಲಿಯಿರಿ ಎಂದಿರುತ್ತದೆ. ಅವರ ಮಟ್ಟಿಗೆ ಅದು ಸರಿ. ಅವರು ಮೇಲಿನ ಪದರವನ್ನು ಪೂರ್ತಿ ಜೋಡಿಸಿಕೊಂಡು ಆಮೇಲೆ ಮೂರು ಪದರ ಕೂಡಿಸುತ್ತಾರೆ. ನಡುವಿನಿಂದ ಹೊರಟರೆ ಸುಕ್ಕುಗಳು ಅಂಚಿನ ಕಡೆ ಸರಿದು ಹೋಗುತ್ತವೆ.

ಸುತ್ತುಸಾಲಿನ ಕೌದಿಯ ದಾರಿ ಇದಕ್ಕೆ ತಿರುಗುಮುರುಗು. ಅಡಿಯ ಹಾಸಿನ ಅಂಚನ್ನು ಒಳಕ್ಕೆ ಮಡಚಿ, ಅಂಚಿನ ತುಂಡು ಇಟ್ಟು, ನಾಲ್ಕೂ ಬದಿ ಒಂದು ಸುತ್ತು ಹೊಲಿಗೆ ಹಾಕುತ್ತಾರೆ. ಮುಂದಿನ ಸುತ್ತು ಒಳಗೆ, ಅದರ ಮುಂದಿನದು ಇನ್ನೂ ಒಳಗೆ. ಹೀಗಾದರೆ ಸುಕ್ಕು ನಡುವೆ ಸಿಕ್ಕಿಕೊಳ್ಳುವುದಿಲ್ಲವೇ? ಇಲ್ಲ, ಏಕೆಂದರೆ ಮೇಲಿನ ಪದರ ಇನ್ನೂ ಹುಟ್ಟಿಯೇ ಇಲ್ಲ. ಒಂದು ಸುತ್ತು ಮುಗಿದ ಮೇಲೆ ಅಂಗೈಯಿಂದ ಒರೆಸಿ ಸಮ ಮಾಡಿ, ಅಲ್ಲಿಗೆ ಸರಿಹೊಂದುವ ತುಂಡನ್ನು ಆಗಷ್ಟೇ ಇಡುತ್ತಾರೆ. ತುಂಡು ಕೂಡಿಸುವುದೂ ಪದರ ಕೂಡಿಸುವುದೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ. ಅಂಚು ಮೊದಲೇ ಭದ್ರವಾಗುವುದರಿಂದ ಮನೆಗೆಲಸದ ನಡುವೆ ಎಷ್ಟು ಸಲ ಮಡಿಚಿ ಬಿಚ್ಚಿದರೂ ಎಳೆ ಬಿಡುವುದಿಲ್ಲ. ಚೌಕಟ್ಟು ಬೇಡ, ಮೇಜು ಬೇಡ. ನೆಲಕ್ಕೆ ಹಾಸಿ, ಕೌದಿಯ ಮೇಲೇ ಕೂತು ಹೊಲಿಯುವವರ ಅನುಕೂಲದಿಂದ ಹುಟ್ಟಿದ ಜಾಣ್ಮೆ ಇದು.

ಈ ಕ್ರಮವನ್ನು ಅತ್ಯಂತ ನಿಷ್ಠೆಯಿಂದ ಉಳಿಸಿಕೊಂಡವರು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು. ಆಫ್ರಿಕಾ ಮೂಲದ ಈ ಕನ್ನಡ ನಾಡಿನ ಜನ ನಮ್ಮ ಜಿಲ್ಲೆಯ ಖಾನಾಪುರದಲ್ಲೂ ಇದ್ದಾರೆ. ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ಕಲಾ ಇತಿಹಾಸಕಾರರು ಅವರ ಕೌದಿಗಳನ್ನು ಅಧ್ಯಯನ ಮಾಡಿದ್ದರಿಂದ 2011ರಲ್ಲಿ ಅವು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಬಯಲುಸೀಮೆಯ ನಮ್ಮಲ್ಲಿ ಸುತ್ತುಸಾಲಿನ ಜೊತೆಗೆ ಉದ್ದಸಾಲಿನ ಕೌದಿಯೂ ಉಂಟು. ಬೇಗ ಮುಗಿಯುವುದು ಉದ್ದಸಾಲು, ಹೆಚ್ಚು ಬಾಳುವುದು ಸುತ್ತುಸಾಲು ಎಂಬುದು ನನ್ನ ಅಭಿಪ್ರಾಯ.

ಸಾಲಿಗೂ ಸಾಲಿಗೂ ಒಂದ ಬೆರಳ.

ಹೊಲಿಗೆ ಯಾವುದು? ಎಲ್ಲಕ್ಕಿಂತ ಸುಲಭದ್ದು: ಮೇಲೊಂದು ಟಾಕಿ, ಕೆಳಗೊಂದು ಟಾಕಿ. ಬಲಗೈ ಸೂಜಿ ನೂಕುತ್ತದೆ, ಎಡಗೈ ಕೌದಿಯ ಅಡಿಯಲ್ಲಿ ಇರುತ್ತದೆ. ಸೂಜಿಯ ತುದಿ ಮೂರೂ ಪದರ ದಾಟಿತೇ ಎಂದು ಆ ಎಡಗೈ ಬೆರಳಿಗೆ ತಗಲಬೇಕು. ತಗಲಿದ ಕ್ಷಣ ಅದೇ ಬೆರಳು ಬಟ್ಟೆಯನ್ನು ಮೇಲಕ್ಕೆ ಒತ್ತಿ ಸೂಜಿಯನ್ನು ಹಿಂದಿರುಗಿಸುತ್ತದೆ. ನಾಲ್ಕೈದು ಟಾಕಿ ಸೂಜಿಯ ಮೇಲೆ ಕೂಡಿದ ಮೇಲೆ ದಾರವನ್ನು ಒಮ್ಮೆಲೆ ಎಳೆಯುತ್ತಾರೆ. ಬಿಗಿಯಾಗಿ ಎಳೆಯಬಾರದು, ಹೊಲಿದ ಸಾಲಿನ ಮೇಲೆ ಹೆಬ್ಬೆರಳು ಒರೆಸಿ ದಾರ ಸಡಿಲು ಬಿಡಬೇಕು. ಎಡಗೈ ತೋರುಬೆರಳಿಗೆ ಅರಿವೆಯ ಪಟ್ಟಿ ಸುತ್ತಿಕೊಳ್ಳದವರ ಬೆರಳ ತುದಿ ಜರಡಿಯಾಗುತ್ತದೆ.

ಈಗ ಈ ಸಾಲಿನ ಹಿಂದಿರುವ ದುಡಿಮೆ ಎಷ್ಟು ನೋಡಿ. 81 ಇಂಚು ಉದ್ದ, 90 ಇಂಚು ಅಗಲದ ಜೋಡಿ ಕೌದಿ. ಒಂದು ಬೆರಳೆಂದರೆ ಮುಕ್ಕಾಲು ಇಂಚು. ಅಗಲಕ್ಕೆ 120 ಸಾಲು ಬೇಕು. ಒಂದೊಂದೂ 81 ಇಂಚು, ಒಟ್ಟು 9,720 ಇಂಚು. ಎಂದರೆ 810 ಅಡಿ, ಸುಮಾರು 247 ಮೀಟರ್ ಹೊಲಿಗೆ. ಇಂಚಿಗೆ ಎರಡೇ ಟಾಕಿ ಎಂದು ಹಿಡಿದರೂ ಹತ್ತೊಂಬತ್ತು ಸಾವಿರದ ನಾನೂರು ದಾಟುತ್ತದೆ. ಪ್ರತಿ ಟಾಕಿಗೂ ಎಡಗೈ ಬೆರಳು ಸೂಜಿಗೆ ಮುಖ ಕೊಟ್ಟಿದೆ.

ಮನೆಯವರು ಹೊಲಿಯದಿದ್ದಾಗ ಗೊಂದಲಿಗರಂಥ ಅಲೆಮಾರಿ ಸಮುದಾಯಗಳ ಹೆಂಗಸರು ಊರಿಗೆ ಬಂದು ಹೊಲಿದುಕೊಡುತ್ತಾರೆ. ಸುಗ್ಗಿ ಮುಗಿದು ಮಿರುಗದ ಮಳೆ ಬೀಳುವವರೆಗಿನ ಬೇಸಿಗೆ ಅವರ ಕೆಲಸದ ಕಾಲ. ಹಿಂದೆ ಕೂಲಿಯ ಒಂದು ಪಾಲು ಜೋಳದ ರೂಪದಲ್ಲಿ ಸಲ್ಲುತ್ತಿತ್ತು. ಈಗ ರೊಕ್ಕ ಕೊಡುತ್ತಾರೆ, ಕೊಡುವಾಗ ಚೌಕಾಶಿ ಮಾಡುತ್ತಾರೆ. ಹರಕು ಬಟ್ಟೆಗೆ ಇಷ್ಟೇಕೆ ಎಂಬ ಮಾತು ಬರುತ್ತದೆ. ಬಟ್ಟೆ ನಿಮ್ಮದು, ಹರಕು ಹೌದು. ಆಕೆ ಕೇಳುತ್ತಿರುವುದು 247 ಮೀಟರ್ ಹೊಲಿಗೆಯ ಬೆಲೆ. ಈ ಲೆಕ್ಕ ಗೊತ್ತಿದ್ದರೆ ಚೌಕಾಶಿಗೆ ಬಾಯಿ ಬಾರದು.

ಮಶೀನಿನಲ್ಲಿ ಹೊಲಿದರೆ ಆಗದೇ? ಪದರಕ್ಕೆ ಬೇಕಾದ ಅಗಲ ಕೂಡಿಸಲು ಮಶೀನು ಒಳ್ಳೆಯದು, ಧಾರಾಳವಾಗಿ ಬಳಸಿ. ಸಾಲು ಹಾಕಲು ಬೇಡ. ಮಶೀನಿನ ಒತ್ತೊತ್ತಾದ ತೂತುಗಳು ಹಳೆಯ ಅರಿವೆಯನ್ನು ಸಾಲಿನುದ್ದಕ್ಕೂ ಹರಿಯಲು ಸಿದ್ಧ ಮಾಡಿಡುತ್ತವೆ. ಕೈಹೊಲಿಗೆಯ ಸಡಿಲಿನಿಂದಲೇ ಕೌದಿ ಮೆತ್ತಗಾಗುವುದು.

ಮೂಲಿ ಬರೇ ಬಿಡಬ್ಯಾಡ.

ನಾಲ್ಕು ಮೂಲೆಗಳಲ್ಲಿ ಅರಿವೆಯನ್ನು ಮಡಚಿ ಮಾಡಿದ ಪುಟ್ಟ ತ್ರಿಕೋನ ಇಡುತ್ತಾರೆ. ಸಿದ್ದಿಗಳು ಅದನ್ನು ಫೂಲ ಎನ್ನುತ್ತಾರೆ, ಅದಿಲ್ಲದ ಕೌದಿಯನ್ನು ಬತ್ತಲೆ ಎಂದೇ ಭಾವಿಸುತ್ತಾರೆ. ಚಂದಕ್ಕೆ ಇಡುವುದು ಹೌದು. ಕೌದಿಯನ್ನು ಎತ್ತುವಾಗ, ಒಣಹಾಕುವಾಗ ಕೈ ಹಾಕುವುದು ಮೂಲೆಗೇ ಆದ್ದರಿಂದ ಅಲ್ಲಿ ಒಂದೆರಡು ಪದರ ಹೆಚ್ಚಿರುವುದು ಒಳ್ಳೆಯದೇ.

ಹೊಟ್ಟಿ ತುಂಬಿಸಿ ಮುಚ್ಚು.

ಸುತ್ತು ಒಳಗೊಳಗೆ ಬಂದು ಕೊನೆಗೆ ನಡುವೆ ಅಂಗೈಯಗಲದ ಜಾಗ ಉಳಿಯುತ್ತದೆ. ಅದೇ ಕೌದಿಯ ಹೊಟ್ಟೆ. ಮುಚ್ಚುವ ಮುನ್ನ ಕೆಲವರು ನಾಲ್ಕು ಕಾಳು ಅಕ್ಕಿಯನ್ನೋ ರೊಟ್ಟಿಯ ಚೂರನ್ನೋ ಒಳಗಿಡುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇದ್ದರೆ ಅದನ್ನು ಹೊದ್ದವರ ಹೊಟ್ಟೆಯೂ ಖಾಲಿ ಉಳಿದೀತೆಂಬ ಅಳುಕು. ಬರ ಕಂಡ ಸೀಮೆಯ ಜನಕ್ಕೆ ಈ ಅಳುಕು ಸುಮ್ಮನೆ ಬಂದದ್ದಲ್ಲ. ಹೊಲಿದಾಕೆಗೆ ಅಂದು ಊಟ ಹಾಕಿ ಕಳಿಸುವುದು ಇದರ ಜೊತೆಯ ಪದ್ಧತಿ. ಅಕ್ಕಿಕಾಳನ್ನು ಬಿಟ್ಟರೂ ಈ ಊಟವನ್ನು ಬಿಡಬಾರದು.

ಉಳದ ಚೂರಿಗೂ ಕೆಲಸ ಐತಿ.

ದೊಡ್ಡ ಕೌದಿಗೆ ಧೈರ್ಯ ಬಾರದವರು ಇಲ್ಲಿಂದ ಶುರು ಮಾಡಬಹುದು. ಅಂಗೈಯಷ್ಟು ಚೂರಿದ್ದರೆ ಬಿಸಿ ಪಾತ್ರೆ ಹಿಡಿಯುವ ಮಸಿಯರಿವೆ. ಉದ್ದ ಪಟ್ಟಿ ಉಳಿದರೆ ಸುತ್ತಿ ಹೊಲಿದು ಕೊಡದಡಿಗೆ ಸಿಂಬಿ. ಖಣದ ತುಂಡಿದ್ದರೆ ಎಲೆ ಅಡಿಕೆ ಸುಣ್ಣಕ್ಕೆ ಬೇರೆ ಬೇರೆ ಮನೆ ಇರುವ ಚಂಚಿ. ಇದನ್ನು ಹೊಲಿಯುವುದು ನಾಜೂಕಿನ ಕೆಲಸ, ಇಂದು ಮೊಬೈಲು, ಚಿಲ್ಲರೆ, ಗುಳಿಗೆ ಇಡಲು ಚೆನ್ನಾಗಿ ಒದಗುತ್ತದೆ. ಕೂಸಿಗೆ ಕುಲಾವಿ, ಕುಂಚಿಗಿ. ಕೂಸಿನ ಕೌದಿಯಂತೂ ಎರಡು ಮೊಳ ಉದ್ದಗಲವಿದ್ದರೆ ಸಾಕು. ಅದಕ್ಕೆ ಅಜ್ಜಿಯ ಸೀರೆಯನ್ನೇ ಹುಡುಕುವುದು ಪ್ರೀತಿಗಷ್ಟೇ ಅಲ್ಲ. ನೂರಾರು ಸಲ ಒಗೆದ ನೂಲು ಎಳೆಯ ಚರ್ಮಕ್ಕೆ ಚುಚ್ಚುವುದಿಲ್ಲ.

ಮಾನೋಮಿಗೆ ಒಗಿ, ಬಿಸಲಿಗೆ ಹಾಕು.

ಮಹಾನವಮಿಯ ಘಟಸ್ಥಾಪನೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೋ ಮಲಪ್ರಭೆಯ ದಂಡೆಗೋ ಹೋಗುತ್ತವೆ. ನೆನೆದ ಕೌದಿಯನ್ನು ಒಬ್ಬರಿಂದ ಎತ್ತಲಾಗದು, ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಬಂಡೆಗೆ ಬಡಿಯದೆ ಕಾಲಿಂದ ತುಳಿದು ಒಗೆದರೆ ಬಾಳಿಕೆ ಹೆಚ್ಚು. ಬಾವಿಯ ಕಟ್ಟೆಯ ಮೇಲೋ ಗಿಡಗಂಟಿಯ ಮೇಲೋ ಹರವಿ, ಎರಡೂ ಮಗ್ಗುಲು ಬಿಸಿಲು ಕಾಣಿಸಬೇಕು. ತೇವ ಉಳಿದರೆ ಒಳಪದರಕ್ಕೆ ಬೂಸರು ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಕೌದಿ ಮುಂದೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಹಾಸಾಗುತ್ತದೆ.

ಓದುಗರಲ್ಲಿ ನನ್ನದೊಂದು ಬೇಡಿಕೆ. ಈ ಸಲದ ಮಹಾನವಮಿಗೆ ಟ್ರಂಕು ಖಾಲಿ ಮಾಡುವಾಗ ಹಳೆಯ ನೂಲಿನ ಸೀರೆ, ಧೋತರ, ರುಮಾಲು ಸಿಕ್ಕರೆ ಸ್ಟೀಲಿನ ಡಬ್ಬಿಗೆ ಬದಲಾಗಿ ಕೊಟ್ಟುಬಿಡಬೇಡಿ, ನೆಲ ಒರೆಸಲೂ ಹಚ್ಚಬೇಡಿ. ಒಗೆದು ಬೇರೆ ಗಂಟು ಕಟ್ಟಿಡಿ. ಬೇಸಿಗೆ ಬಂದಾಗ ನಿಮ್ಮ ಓಣಿಯಲ್ಲಿ ಹೊಲಿಯಬಲ್ಲ ಒಬ್ಬರನ್ನು ಕರೆದು, ಕೇಳಿದಷ್ಟು ಕೂಲಿ ಕೊಟ್ಟು, ಪಕ್ಕದಲ್ಲಿ ಕೂತು ಮೊದಲ ಸುತ್ತನ್ನಾದರೂ ಕಲಿಯಿರಿ.